ಪುಟ ನಲವತ್ತೊಂದರ ಕಾಫಿ

ನಂಜನಗೂಡಿನ ರೈಸ್ ಮಿಲ್ಲೊಂದರಲ್ಲಿ ಮೂಟೆ ಲೆಕ್ಕ ಬರೆಯುತ್ತಿದ್ದ ಸಿದ್ದಮಲ್ಲಪ್ಪನನ್ನು ಊರು ಮೊದಲಿನಿಂದಲೂ ರೈಟರ್ ಎಂದೇ ಕರೆಯುತ್ತಿತ್ತು. ಹಾಗಾಗಿ ಅವನು ನಿಜವಾಗಿಯೂ ಕಥೆಗಾರನಾದಾಗ ಯಾರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಇದು ಅವನಿಗೆ ಆದ ಮೊದಲ ಅನ್ಯಾಯ. ಮುಂದೆ ಆದವುಗಳ ಎದುರು ಇದು ಏನೇನೂ ಅಲ್ಲ. ಆದರೂ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಆ ಮನುಷ್ಯನ ಸಿಟ್ಟು ಎಲ್ಲಿಂದ ಶುರುವಾಯಿತು ಎಂಬುದು ತಿಳಿಯುವುದಿಲ್ಲ.

ಕಥೆಗಾರನಾದದ್ದು ಹೀಗೆ. ಒಂದು ಭಾನುವಾರ ಪೇಪರಿನ ಪುರವಣಿಯಲ್ಲಿ ಮಾಂತ್ರಿಕ ವಾಸ್ತವವಾದ ಎಂಬುದರ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಮಿಕ್ಕರ್ಧ ಪುಟದಲ್ಲಿ ಕುಕ್ಕರಿನ ಜಾಹೀರಾತು. ಸಿದ್ದಮಲ್ಲಪ್ಪ ಎರಡನ್ನೂ ಶ್ರದ್ಧೆಯಿಂದ ಓದಿದ. ನಡೆಯಲಾರದ್ದನ್ನು ನಡೆದ ಹಾಗೆಯೇ ಬರೆಯಬೇಕು, ಸುತ್ತಲಿನ ವಿವರ ಮಾತ್ರ ಚಾಚೂ ತಪ್ಪದೆ ನಿಜವಿರಬೇಕು, ಆಗ ಓದುಗ ಬೆರಗಾಗುತ್ತಾನೆ ಎಂದು ಲೇಖನ ಹೇಳುತ್ತಿತ್ತು. ಬೆರಗು ಎಂಬ ಮಾತು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಲ್ಲಿಯವರೆಗಿನ ಬದುಕಿನಲ್ಲಿ ಅವನಿಂದಾಗಿ ಯಾರೂ ಬೆರಗಾಗಿರಲಿಲ್ಲ. ಮದುವೆಯ ದಿನ ಅಂತರಪಟ ಸರಿಸಿದಾಗ ಅವನ ಹೆಂಡತಿ ಮಲ್ಲಾಜಮ್ಮ ಕೂಡ, ಓ ಇವರೇನಾ, ಆಗಲಿ ಎಂಬಂತೆ ನೋಡಿದ್ದಳು.

ಎರಡು ವರ್ಷ ಮಿಲ್ಲಿನ ಹಳೇ ಬಿಲ್ಲುಗಳ ಬೆನ್ನ ಮೇಲೆ ಗೀಚಿ ಗೀಚಿ, ಕೊನೆಗೆ ಅಂಗಡಿ ಬೀದಿಯ ಪ್ರೆಸ್ಸಿನಲ್ಲಿ ಸ್ವಂತ ಖರ್ಚಿನಿಂದ 'ಅಟ್ಟದ ಮೇಲಿನ ನದಿ' ಎಂಬ ಕಥಾಸಂಕಲನ ಅಚ್ಚು ಹಾಕಿಸಿದ. ಮೊದಲ ಕಥೆಯಲ್ಲಿ ಕಪಿಲಾ ನದಿ ಏಣಿ ಹತ್ತಿ ನಂಜನಗೂಡಿನ ಮನೆಯೊಂದರ ಅಟ್ಟಕ್ಕೆ ಬಂದು ಮಲಗುತ್ತದೆ. ಮೂರನೆಯ ಕಥೆಯಲ್ಲಿ ಹೆಮ್ಮರಗಾಲದ ಪುಟ್ಟಮಾದಪ್ಪ ಎಂಬ ರೈತ, ಸತ್ತು ಹನ್ನೆರಡು ವರ್ಷವಾದ ಮೇಲೂ ಪ್ರತಿ ಸೋಮವಾರ ಹೊಲದ ಸಮಾಧಿಯಿಂದ ಎದ್ದು ಬಂದು, ಹಿತ್ತಿಲ ಬಾಳೆಗೆ ನೀರು ಹಾಯಿಸಿ, ಗೋಡೆಯಾಚೆಯಿಂದ ಸಾಕಮ್ಮ ಕೊಡುವ ಕಾಫಿಯನ್ನು ಸೊಟ್ಟ ಲೋಟದಲ್ಲಿ ಕುಡಿದು ಹೊರಟುಹೋಗುತ್ತಾನೆ. ವಿವರ ನಿಜವಿರಬೇಕೆಂದು ಪುರವಣಿಯೇ ಹೇಳಿತ್ತಲ್ಲ, ಸಿದ್ದಮಲ್ಲಪ್ಪ ಹೆಸರುಗಳನ್ನೂ ನಿಜವಾದವನ್ನೇ ಇಟ್ಟ. ಪುಟ್ಟಮಾದಪ್ಪ ಅವನ ಸ್ವಂತ ಸೋದರತ್ತೆಯ ಗಂಡ, ಸತ್ತದ್ದೂ ನಿಜ. ಸಾಕಮ್ಮ ಅತ್ತೆಯ ಪಕ್ಕದ ಮನೆಯವಳು, ಬದುಕಿದ್ದದ್ದೂ ನಿಜ. ಬುದ್ಧಿ ಇದ್ದವನು ಮಾಡುವ ಕೆಲಸವೇ ಇದು? ಆದರೆ ಪುರವಣಿ ಓದಿ ಕಥೆಗಾರನಾದವನಿಗೆ ಬುದ್ಧಿ ಹೇಳುವವರು ಯಾರು.

ಮೊದಲ ಪ್ರತಿಯನ್ನು ಮಲ್ಲಾಜಮ್ಮನ ಕೈಗೆ ಕೊಟ್ಟು, ಬೆರಗಾಗಲಿ ಎಂದು ಎದುರಿಗೇ ಕೂತ. ಅವಳು ಮೊದಲ ಕಥೆ ಓದಿ ಮುಗಿಸಿ ಪುಸ್ತಕ ಕೆಳಗಿಟ್ಟಳು.

"ಅಟ್ಟದಲ್ಲಿ ಜೇಡರಬಲೆ ಇತ್ತು ಅಂತ ಯಾಕೆ ಬರೆದ್ರಿ? ಯುಗಾದಿಗೆ ನಾನು ಗುಡಿಸಿರಲಿಲ್ವಾ?"

"ಅದು ವಿವರ ಕಣೇ. ನದಿ ಏಣಿ ಹತ್ತಿ ಬಂತಲ್ಲ, ಅದು ನಿನಗೆ ಏನೂ ಅನ್ನಿಸಲಿಲ್ವಾ?"

"ನಮ್ಮ ತೌರಲ್ಲಿ ಒಂದ್ಸಲ ಹಜಾರಕ್ಕೇ ಬಂದಿದ್ಲು. ಹಜಾರಕ್ಕೆ ಬಂದೋಳಿಗೆ ಅಟ್ಟ ಏನು ದೊಡ್ಡದು. ಊರೋರೆಲ್ಲ ಓದಿ, ಈಯಮ್ಮ ಅಟ್ಟ ಗುಡಿಸಲ್ಲ ಅಂತಾರಲ್ಲ, ಅದಕ್ಕೇನು ಮಾಡ್ತೀರಿ ಹೇಳಿ."

ಸಿದ್ದಮಲ್ಲಪ್ಪನಿಗೆ ಮೈಯೆಲ್ಲ ಉರಿಯಿತು. ಇವಳಿಗೆ ಸಾಹಿತ್ಯ ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡು, ಎರಡನೆಯ ಪ್ರತಿಯನ್ನು ಹೆಮ್ಮರಗಾಲದ ಅತ್ತೆ ಮಂಗಳಮ್ಮನಿಗೆ ಕಳಿಸಿದ.

ಈ ಮಂಗಳಮ್ಮನ ವಿಷಯ ಒಂದಿಷ್ಟು ಹೇಳಬೇಕು. ತಾಯಿ ಸತ್ತ ಸಿದ್ದಮಲ್ಲಪ್ಪನನ್ನು ಎತ್ತಿ ಸಾಕಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿ, ಮಿಲ್ಲಿಗೆ ಸೇರಿಸಿದವಳು ಅವಳೇ. ಮಕ್ಕಳಿಲ್ಲದ ಅವಳಿಗೆ ಇವನೇ ಮಗ, ಇವನಿಗೆ ಅವಳೇ ತಾಯಿ. ಮಿಲ್ಲಿಗೆ ಸೋಮವಾರ ರಜ. ಪ್ರತಿ ಸೋಮವಾರ ಹೆಮ್ಮರಗಾಲದ ಬಸ್ಸು ಹತ್ತಿ ಹೋಗುವುದು, ಅತ್ತೆ ದಿನವೆಲ್ಲ ಉಪವಾಸ ಇದ್ದು ಸಂಜೆ ಲಿಂಗಪೂಜೆ ಮುಗಿಸಿ ಒಪ್ಪೊತ್ತಿನ ಊಟ ಬಡಿಸುವುದು, ಇವನು ಹೊಟ್ಟೆ ಬಿರಿಯ ಉಂಡು ಕೊನೆಯ ಬಸ್ಸಿಗೆ ವಾಪಸು ಬರುವುದು. ಇಷ್ಟು ವರ್ಷಗಳಲ್ಲಿ ಇದು ತಪ್ಪಿರಲಿಲ್ಲ.

ಅತ್ತೆಗೆ ಓದು ಬಾರದು. ಪಕ್ಕದ ಮನೆ ಸಾಕಮ್ಮನ ಮೊಮ್ಮಗಳು ಸಿಂಧು ಪಿಯುಸಿ ಓದುತ್ತಿದ್ದಳು. ಎರಡು ಹಿತ್ತಿಲುಗಳ ನಡುವೆ ಸೊಂಟದೆತ್ತರದ ಒಂದು ಮಣ್ಣಿನ ಗೋಡೆ ಇತ್ತು. ಅದರ ಮೇಲಿಂದ ಸಾರು, ಸೊಪ್ಪು, ಊರ ಸುದ್ದಿ ಎಲ್ಲ ನಲವತ್ತು ವರ್ಷದಿಂದ ಆಚೀಚೆ ಓಡಾಡುತ್ತಿದ್ದವು. ಆ ಗೋಡೆಯ ಮೇಲೆ ಸಿಂಧು ಕೂತು ಗಟ್ಟಿಯಾಗಿ ಓದಿದಳು. ಆಚೆ ಅಜ್ಜಿ, ಈಚೆ ಮಂಗಳಮ್ಮ, ಇಬ್ಬರೂ ಅವರೆಕಾಯಿ ಸುಲಿಯುತ್ತ ಕೇಳಿದರು. ನಲವತ್ತನೆಯ ಪುಟದವರೆಗೂ ಎಲ್ಲ ಚೆನ್ನಾಗಿತ್ತು. ನಲವತ್ತೊಂದನೆಯ ಪುಟ ಮುಗಿದಾಗ ಮಂಗಳಮ್ಮ ಮೊರ ಎತ್ತಿಕೊಂಡು ಎದ್ದು ಒಳಗೆ ಹೋದವಳು ಹಿತ್ತಿಲ ಬಾಗಿಲು ಹಾಕಿದಳು. ಮಾರನೆಯ ದಿನ ಬಸ್ ಕಂಡಕ್ಟರ್ ಮಿಲ್ಲಿಗೆ ಬಂದು ಸುದ್ದಿ ಮುಟ್ಟಿಸಿದ.

"ಸೋಮವಾರ ಬರುವಾಗ ಆ ಪುಸ್ತಕ ಬರೆದ ಕೈಯನ್ನೂ ತಗೊಂಡು ಬಾ ಅಂದಿದ್ದಾರೆ ನಿಮ್ಮತ್ತೆ."

ಸಿದ್ದಮಲ್ಲಪ್ಪನಿಗೆ ಎದೆ ಉಬ್ಬಿತು. ಅತ್ತೆ ಬೆರಗಾಗಿದ್ದಾಳೆ, ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದುಕೊಂಡ. ಸೋಮವಾರ ಹೊಸ ಶರಟು ಹಾಕಿಕೊಂಡು ಹೆಮ್ಮರಗಾಲದಲ್ಲಿ ಇಳಿದ. ಅರಳಿಕಟ್ಟೆಯ ಮೇಲಿದ್ದ ಮುದುಕರು ಅವನನ್ನು ಕರೆದು ಮಾತಾಡಿಸಿದರು.

"ನಿಮ್ಮಾವ ಸೋಮಾರ ಸೋಮಾರ ಬತ್ತಾರೆ ಅಂತ ಬರ್ದಿದ್ದೀಯಂತೆ. ನಮ್ಗೂ ಅನ್ಮಾನ ಇತ್ತು ಬುಡು. ಇಲ್ದಿದ್ರೆ ಆಪಾಟಿ ಗೊನೆ ಬುಟ್ಟಾದಾ ಆ ಬಾಳೆ?"

ಬೆರಗಿಲ್ಲ. ಒಂದು ಕಣ್ಣು ಕೂಡ ಅಗಲವಾಗಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡು ಅತ್ತೆಯ ಮನೆಯ ಜಗಲಿ ಹತ್ತಿದ.

"ಬಾ, ಕೂತ್ಕೊ. ನೀರು ಕೊಡಾಕಿಲ್ಲ" ಎಂದಳು ಮಂಗಳಮ್ಮ.

"ಯಾಕತ್ತೆ?"

"ನಿಮ್ಮಾವ ಬತ್ತಾರೆ ಅಂತ ಬರ್ದೆ. ಬರ್ಲಿ. ಅವ್ರ ಮನೆ, ಅವ್ರ ಬಾಳೆ, ಬತ್ತಾರೆ. ನಾನೇನು ಬ್ಯಾಡ ಅಂದ್ನಾ? ಆದ್ರೆ ಅನ್ನೆರಡು ವರ್ಸ ಆದ್ಮೇಲೆ ಬಂದ ಮನ್ಸ, ಕಟ್ಕೊಂಡೋಳ ಮನೇಲಿ ತೊಟ್ಟು ನೀರು ಮುಟ್ದೆ, ಗೋಡೆ ಆಚೆ ಸಾಕಮ್ಮುನ ಕೈಲಿ ಕಾಪಿ ಇಸ್ಕೊಂಡು ಕುಡುದ್ರು ಅಂತ ಬರ್ದಿದ್ದೀಯಲ್ಲ, ಎಂಗ್ಲಾ ಮನಸ್ಸು ಬಂತು ನಿಂಗೆ?"

"ಅತ್ತೆ, ಅದು ಕಥೆ."

"ಕತೆ ಅಂತ ಗೊತ್ತು ಕನಾ. ಕತೇಲಿ ನಮ್ಮನೆ ಒಲೆ ಆರೋಗಿತ್ತಾ?"

ಸಿದ್ದಮಲ್ಲಪ್ಪ ಕೊನೆಯದಾಗಿ ಒಂದು ಪ್ರಯತ್ನ ಮಾಡಿದ. "ಸತ್ತವರು ಎದ್ದು ಬರ್ತಾರೆ ಅಂತ ಬರೆದಿದ್ದೀನಲ್ಲತ್ತೆ, ಅದು ನಿನಗೆ ಆಶ್ಚರ್ಯ ಅನ್ನಿಸಲಿಲ್ವಾ?"

"ಸತ್ತೋರು ಬರ್ದೆ ಇನ್ನೇನು ಮಾಡ್ತಾರೆ. ಬಂದೋರು ಯಾರ ಮನೇಲಿ ಲೋಟ ಇಡೀತಾರೆ ಅನ್ನೋದ್ರಲ್ಲಿ ಮಾನ ಇರಾದು."

ಈ ಮಾತಿಗೆ ಪಟ್ಟಣದವರು ನಗಬಾರದು. ಹೊರಗಿನಿಂದ ಬಂದ ನೆಂಟ ಮೊದಲು ಯಾರ ಮನೆಯಲ್ಲಿ ಕಾಲು ತೊಳೆದ, ಯಾರ ಮನೆಯಲ್ಲಿ ಕಾಫಿ ಕುಡಿದ ಎಂಬ ಒಂದೇ ಕಾರಣಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಆ ಊರಿನಲ್ಲಿ ಈಗಲೂ ಇದ್ದಾರೆ. ಬದುಕಿರುವ ನೆಂಟನ ವಿಷಯಕ್ಕೇ ಹೀಗಾದರೆ, ಹನ್ನೆರಡು ವರ್ಷದ ಮೇಲೆ ಮಣ್ಣಿನಿಂದ ಎದ್ದು ಬಂದ ಸ್ವಂತ ಗಂಡನ ವಿಷಯ ಕೇಳಬೇಕೆ.

ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ಸಾಕಮ್ಮನ ದನಿ ಬಂತು. ಅವಳದೂ ಉರಿಯೇ. "ಸಿದ್ದಮಲ್ಲಪ್ಪ ಬಂದವ್ನಾ? ಸೊಟ್ಟ ಲೋಟದಲ್ಲಿ ಕೊಟ್ಲು ಅಂತ ಬರ್ದವ್ನಲ್ಲ, ನಮ್ಮನೇಲಿ ನೆಟ್ಟಗಿರೋ ಲೋಟ ಇಲ್ವಾ ಅಂತ ಕೇಳಿ ಅವುನ್ನ."

"ನೋಡ್ದಾ" ಎಂದಳು ಮಂಗಳಮ್ಮ. "ಕಾಪಿ ಕೊಡ್ಲಿಲ್ಲ ಅನ್ನಲ್ಲ ಅವ್ಳು. ಲೋಟ ಸೊಟ್ಟ ಅಲ್ಲ ಅಂತಾಳೆ."

ಸಿದ್ದಮಲ್ಲಪ್ಪ ಹಿತ್ತಿಲ ಕಡೆ ನೋಡದೆ ಹೊಸ ಶರಟಿನ ಗುಂಡಿ ತಿರುವಿದ. ಅದಕ್ಕೆ ಕಾರಣವಿತ್ತು. ಅವನ ಇಡೀ ಪುಸ್ತಕದಲ್ಲಿ ಚಾಚೂ ತಪ್ಪದೆ ನಡೆದದ್ದು ಎಂದು ಏನಾದರೂ ಇದ್ದರೆ ಅದು ಆ ಕಾಫಿ ಒಂದೇ. ಮಾವ ಬದುಕಿದ್ದಾಗ ಅತ್ತೆ ಅವರಿಗೂ ಸೋಮವಾರದ ಉಪವಾಸ ಹಾಕಿದ್ದಳು. ಸೂರ್ಯ ಮುಳುಗುವ ತನಕ ತೊಟ್ಟು ನೀರಿಲ್ಲ. ಮಾವ ಬೆಳಿಗ್ಗೆ ಬಾಳೆಗೆ ನೀರು ಹಾಯಿಸುವ ನೆಪದಲ್ಲಿ ಹಿತ್ತಿಲಿಗೆ ಹೋಗುವರು, ಗೋಡೆಯಾಚೆಯಿಂದ ಸಾಕಮ್ಮ ಕಾಫಿ ದಾಟಿಸುವಳು. ಮಿಲ್ಲಿನ ರಜಕ್ಕೆ ಬಂದಿರುತ್ತಿದ್ದ ಸಿದ್ದಮಲ್ಲಪ್ಪ ಅದನ್ನು ಕಣ್ಣಾರೆ ಕಂಡಿದ್ದ. ಲೋಟ ಸೊಟ್ಟಗಿದ್ದದ್ದೂ ನಿಜ. ಬೆರಗಾಗಬೇಕಾದ ಸುಳ್ಳನ್ನು ಜನ ತಕರಾರಿಲ್ಲದೆ ಒಪ್ಪಿಕೊಂಡು, ಇದ್ದ ಒಂದು ನಿಜವನ್ನು ಸುಳ್ಳೆಂದು ಕೂಗಾಡುತ್ತಿದ್ದಾರಲ್ಲ ಎಂದು ಅವನಿಗೆ ಎಂಥ ಸಂಕಟ. ಆದರೆ ನಿಜ ಎಂದು ಹೇಳುವ ಬಾಯಿ ಎಲ್ಲಿಂದ ತರುವುದು.

ಆ ಹೊತ್ತಿಗೆ ಮಠದ ಅಯ್ನೋರು ದೊಣ್ಣೆ ಊರಿಕೊಂಡು ಬಂದರು. ಅತ್ತೆಯೇ ಕರೆಸಿದ್ದಳೋ, ಅವರೇ ಸಿಟ್ಟಿನಲ್ಲಿ ಬಂದರೋ ತಿಳಿಯದು.

"ಏನಯ್ಯಾ, ನಿಮ್ಮ ಮಾವನ ಕ್ರಿಯೆ ಮಾಡಿಸಿದವನು ನಾನು. ವಿಭೂತಿ ಇಟ್ಟು, ಮಂತ್ರ ಹೇಳಿ, ಲಿಂಗದಲ್ಲಿ ಐಕ್ಯ ಮಾಡಿ ಕಳಿಸಿದ್ದೀನಿ. ನೀನು ನೋಡಿದ್ರೆ ಅವರು ಎದ್ದು ಬಂದು ಕಾಫಿ ಕುಡೀತಾರೆ ಅಂತೀಯ. ಹಂಗಾದ್ರೆ ನಾನು ಮಾಡಿಸಿದ್ದು ಪೊಳ್ಳಾ? ನಾಳೆ ಈ ಸೀಮೇಲಿ ಯಾರಾದ್ರೂ ಶಿವಾಧೀನ ಆದ್ರೆ, ಈ ಅಯ್ನೋರು ಬ್ಯಾಡ, ಇವರು ಕಳಿಸಿದೋರು ವಾಪಸ್ ಬತ್ತಾರೆ ಅಂತ ನನ್ನ ಕರೆಯೋದೇ ಬಿಡ್ತಾರೆ."

"ಬುದ್ದಿ, ಅದು ಮಾಂತ್ರಿಕ ವಾಸ್ತವ."

"ಮಾಂತ್ರಿಕನ್ನ ಬೇರೆ ಕರೆಸಿದ್ದೀಯಾ? ಅದೂ ಸೋಮವಾರ, ಉಪವಾಸದ ದಿನ, ಕಾಫಿ. ಶಿವ ಶಿವ."

"ಅದುನ್ನೇ ಕೇಳಿ ಬುದ್ದಿ" ಎಂದಳು ಅತ್ತೆ. "ಅವ್ರು ಇದ್ದಾಗ ಸೋಮಾರ ಉಗುಳೂ ನುಂಗ್ತಿರಲಿಲ್ಲ. ಅಂಥೋರ ಮೇಲೆ ಇಂಥ ಮಾತು."

ಪಂಚಾಯಿತಿ ಅಲ್ಲೇ ತೀರ್ಮಾನವಾಯಿತು. ಮುಂದಿನ ಭಾನುವಾರ ಟಿ. ನರಸೀಪುರದಲ್ಲಿ ಪುಸ್ತಕದ ಬಗ್ಗೆ ಸಭೆ ಇದೆ ಎಂಬ ವಿಷಯ ಸಿಂಧುವಿನ ಬಾಯಿಂದ ಅತ್ತೆಗೆ ಆಗಲೇ ತಿಳಿದಿತ್ತು.

"ಓದ್ದೋರೆಲ್ಲ ಅಲ್ಲಿ ಸೇರ್ತಾರಲ್ಲ, ಅವ್ರ ಮುಂದೆ ಆ ಕಾಪಿ ಸುಳ್ಳು ಅಂತ ಒಪ್ಕೊ. ಒಪ್ಪಿದ್ರೆ ಈ ಮನೆ ಮಗ. ಇಲ್ದಿದ್ರೆ ಈ ಒಸ್ಲು ತುಳೀಬ್ಯಾಡ. ಅದರ ಮಾರ್ನೆ ದಿನವೇ ಗಾರೆ ಮಾದು ಬತ್ತಾನೆ. ಇಟ್ಟಿಗೆ ತರ್ಸಿವ್ನಿ. ಸಾಕಮ್ಮುನ ಮೊಕ ಕಾಣ್ದಂಗೆ ಆಳೆತ್ರ ಗೋಡೆ ಏಳ್ಸೇ ಏಳುಸ್ತೀನಿ."

ಜಗಲಿಯ ಪಕ್ಕ ನಿಜವಾಗಿಯೂ ಇಟ್ಟಿಗೆ ಒಟ್ಟಿತ್ತು. ಅದನ್ನು ಕಂಡಾಗ ಮಾತ್ರ ಸಿದ್ದಮಲ್ಲಪ್ಪನಿಗೆ ಹೆದರಿಕೆಯಾಯಿತು. ಅವತ್ತು ಮೊದಲ ಸಲ ಅತ್ತೆಯ ಮನೆಯಿಂದ ಉಣ್ಣದೆ ಬಂದ.

ವಾರವಿಡೀ ನೆಮ್ಮದಿ ಇರಲಿಲ್ಲ. ನಡುವೆ ಒಂದು ದಿನ ರೆವಿನ್ಯೂ ಇನ್ಸ್‌ಪೆಕ್ಟರು ಮಿಲ್ಲಿಗೇ ಬಂದು, ಕಂಕುಳಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಪುಟ್ಟಮಾದಪ್ಪ ಸತ್ತ ಮೇಲೆ ಜಮೀನನ್ನು ಹೆಂಡತಿಯ ಹೆಸರಿಗೆ ಪೌತಿ ಖಾತೆ ಮಾಡಿಕೊಟ್ಟವರು ಅವರೇ.

"ಏನ್ ರೈಟ್ರೇ, ನಾನು ಮಹಜರು ಮಾಡಿ, ಖಾತೆದಾರರು ಮೃತರು ಅಂತ ಷರಾ ಬರೆದಿದ್ದೀನಿ. ನೀವು ವಾರವಾರ ಬಂದು ನೀರು ಹಾಯಿಸ್ತಾರೆ ಅಂತ ಅಚ್ಚು ಹಾಕಿಸಿದ್ದೀರಿ. ಯಾರಾದ್ರೂ ಅರ್ಜಿ ಹಾಕಿದ್ರೆ ನನ್ನ ಸರ್ವೀಸು ಏನಾಗಬೇಕು ಕಣ್ರೀ?"

"ಸಾರ್, ಸತ್ತವರು ಬರೋಕೆ ಸಾಧ್ಯನಾ?"

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ಬಂದ್ರೆ ಸ್ವಾಧೀನದಲ್ಲಿದ್ದಾರೆ ಅಂತ ಆಗುತ್ತೆ. ಅಷ್ಟೇ ನನಗೆ ಬೇಕಾದ್ದು."

ಇಡೀ ತಾಲ್ಲೂಕಿನಲ್ಲಿ ಬೆರಗಾಗುವ ಒಬ್ಬ ಪ್ರಾಣಿಯೂ ಇಲ್ಲವಲ್ಲ ಎಂದು ಸಿದ್ದಮಲ್ಲಪ್ಪ ಹಲ್ಲು ಕಡಿದ.

ಭಾನುವಾರ ಬಂತು. ಟಿ. ನರಸೀಪುರದ ಸಭೆಗೆ ಹೆಮ್ಮರಗಾಲದಿಂದ ಮಂಗಳಮ್ಮನೂ ಸಾಕಮ್ಮನೂ ಒಂದೇ ಬಸ್ಸಿನಲ್ಲಿ ಬಂದರು. ಒಬ್ಬಳು ಡ್ರೈವರ್ ಹಿಂದಿನ ಸೀಟಿನಲ್ಲಿ, ಇನ್ನೊಬ್ಬಳು ಹಿಂಬದಿಯ ಕೊನೇ ಸೀಟಿನಲ್ಲಿ. ಸಭೆಯಲ್ಲೂ ಹಾಗೆಯೇ ಕೂತರು. ಮಿಕ್ಕ ಕುರ್ಚಿಗಳಲ್ಲಿ ನರಸೀಪುರದ ರೈತರು. ಇಷ್ಟು ಜನ ಸಾಹಿತ್ಯಕ್ಕೆ ಬಂದದ್ದನ್ನು ಕಂಡು ಸಿದ್ದಮಲ್ಲಪ್ಪ ಕ್ಷಣಕಾಲ ಎಲ್ಲವನ್ನೂ ಮರೆತ.

ಮೊದಲು ಕಾಲೇಜಿನ ಲೆಕ್ಚರರ್ ರಂಗಸ್ವಾಮಿ ಮಾತಾಡಿದರು. "ಈ ಮೃತ ರೈತ ಊಳಿಗಮಾನ್ಯ ವ್ಯವಸ್ಥೆಯ ಪ್ರೇತ. ಕಾಫಿ ವಸಾಹತುಶಾಹಿಯ ರುಚಿ. ಆ ಸೊಟ್ಟ ಲೋಟ ಇದೆಯಲ್ಲ, ಅದು ಶೋಷಿತ ಮೂರನೆಯ ಜಗತ್ತು."

"ಲೋಟ ಸೊಟ್ಟ ಇರ್ಲಿಲ್ಲ" ಎಂದು ಹಿಂದಿನ ಸಾಲಿನಿಂದ ಸಾಕಮ್ಮ ಹೇಳಿದಳು.

ಲೆಕ್ಚರರು ಕೂತ ಕೂಡಲೇ ಒಬ್ಬ ರೈತ ಎದ್ದ. "ಸಾ, ನಿಮ್ಮೂರ ಅಟ್ಟದ ಮೇಲೆ ಕಪಿಲೆ ಎಷ್ಟು ದಿನ ಮಲಗಿದ್ಲು?"

"ಒಂದು ಪಕ್ಷ ಅಂತ ಬರೆದಿದ್ದೀನಿ" ಎಂದ ಸಿದ್ದಮಲ್ಲಪ್ಪ, ಕಡೆಗೂ ಒಬ್ಬ ಕೇಳಿದನಲ್ಲ ಎಂದು ಸಂತೋಷಪಟ್ಟು.

"ಅದೇ ನೋಡಿ. ಓದ ವರ್ಸ ಸಂಗಮದಲ್ಲಿ ನೀರು ಮೊಣಕಾಲುದ್ದ ಇತ್ತು. ಯಾಕೆ ಅಂತ ಈಗ ಗೊತ್ತಾಯ್ತು. ನಂಜನಗೂಡಿನೋರು ಮೊದಲಿಂದ್ಲೂ ಇಂಗೇ ಸಾ. ಮೇಲ್ಗಡೆ ತಡೆದು ಇಟ್ಕೊಳೋದು, ಕೆಳ್ಗಡೆ ನಾವು ಬಾಯ್ ಬಾಯ್ ಬುಡೋದು."

"ಅಯ್ಯೋ, ಅದು ಕಲ್ಪನೆ."

"ನೀರೆಲ್ಲ ಕಲ್ಪನೆಗೇ ಬುಟ್ರೆ ನಾಲೆಗೆ ಎಲ್ಲಿಂದ ಬತ್ತದೆ? ನಮ್ಮ ಪಾಲು ಎಷ್ಟು ಅಂತ ಮುಂದಿನ ಪುಸ್ತಕದಲ್ಲಿ ಬರೀರಿ."

ಕುರ್ಚಿಗಳು ಕಿರುಗುಟ್ಟಿದವು. ಅಟ್ಟ ತೋರಿಸಿ ಎಂದು ಒಬ್ಬ ಕೂಗಿದ. ಆ ಗದ್ದಲದ ನಡುವೆ ಮಂಗಳಮ್ಮ ಎದ್ದು ನಿಂತಳು. ಬಿಳಿ ಕೂದಲ, ಹಣೆಯ ತುಂಬ ವಿಭೂತಿಯ ಮುದುಕಿ ನಿಂತದ್ದು ನೋಡಿ ಎಲ್ಲರೂ ಸುಮ್ಮನಾದರು. ಅವಳು ಸೋದರಳಿಯನನ್ನೇ ನೋಡುತ್ತ ನಿಂತಳು.

ಸಿದ್ದಮಲ್ಲಪ್ಪ ಮೈಕು ಹಿಡಿದ. ಅತ್ತೆಯ ಮನೆಯ ಹೊಸ್ತಿಲು, ಸೋಮವಾರದ ಊಟ, ಜಗಲಿಯ ಪಕ್ಕದ ಇಟ್ಟಿಗೆ ಎಲ್ಲ ಕಣ್ಮುಂದೆ ಬಂದವು. "ಪುಟ ನಲವತ್ತೊಂದರಲ್ಲಿ ಬರುವ ಕಾಫಿ ಶುದ್ಧ ಸುಳ್ಳು. ಅಂಥದ್ದು ನಡೆದಿಲ್ಲ. ನಾನು ಕಂಡಿಲ್ಲ. ಕಟ್ಟಿ ಬರೆದದ್ದು."

ಲೆಕ್ಚರರು ಕೆರಳಿದರು. "ಹಾಗೆಲ್ಲ ಹೇಳೋಕೆ ಬರಲ್ಲ ರೀ. ಬರೆದ ಮೇಲೆ ಲೇಖಕನಿಗೆ ಅದರ ಮೇಲೆ ಹಕ್ಕಿಲ್ಲ. ಆ ಕಾಫಿ ನಂಬಿಕೊಂಡು ನಾನು ಪ್ರಬಂಧ ಬರೆದಿದ್ದೀನಿ."

ಮಂಗಳಮ್ಮ ಲೆಕ್ಚರರ ಕಡೆ ತಿರುಗಿಯೂ ನೋಡಲಿಲ್ಲ. "ಇವ್ನು ಸುಳ್ಳು ಏಳುವಾಗ ಎಡಗಿವಿ ಕೆರೀತಾನೆ" ಎಂದಳು ಮೆಲ್ಲಗೆ. "ಚಿಕ್ಕಂದ್ರಿಂದ್ಲೂ ಅಂಗೇ. ಈಗ್ಲೂ ಕೆರುದ."

ಸಿದ್ದಮಲ್ಲಪ್ಪ ಕೈ ಕೆಳಗಿಳಿಸುವಷ್ಟರಲ್ಲಿ ಕಾಲ ಮಿಂಚಿಹೋಗಿತ್ತು. ಅತ್ತೆ ಸೆರಗು ಹೊದ್ದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಹಿಂದಿನ ಸಾಲಿನಲ್ಲಿ ಸಾಕಮ್ಮ ತಲೆ ಬಗ್ಗಿಸಿ ಕೂತೇ ಇದ್ದಳು. ಲೋಟದ ಮಾತು ಅವಳು ಅವತ್ತು ಮತ್ತೆ ಎತ್ತಲಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಸಿದ್ದಮಲ್ಲಪ್ಪ ಹೆಮ್ಮರಗಾಲಕ್ಕೆ ಓಡಿದ. ಹೊಸ್ತಿಲು ತುಳಿಯುವ ಧೈರ್ಯವಿಲ್ಲದೆ ಓಣಿ ಸುತ್ತಿ ಹಿತ್ತಿಲಿಗೆ ಹೋದ. ಗಾರೆ ಮಾದು ಇಟ್ಟಿಗೆಯನ್ನೆಲ್ಲ ಗೋಡೆಯ ಬುಡಕ್ಕೆ ತಂದು ಹಾಕಿ, ಗಾರೆ ಕಲಸಿಕೊಂಡು ಕೂತಿದ್ದ. ಒಳಗಿನಿಂದ ಕಾಫಿಯ ವಾಸನೆ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಆ ಮನೆಯಲ್ಲಿ ಒಲೆ ಹತ್ತಿದ್ದನ್ನು ಅವನು ಕಂಡದ್ದು ಅದೇ ಮೊದಲು.

ಮಂಗಳಮ್ಮ ಸ್ಟೀಲ್ ಲೋಟ ಹಿಡಿದು ಹೊರಗೆ ಬಂದು ಅದನ್ನು ಗೋಡೆಯ ಮೇಲೆ ಇಟ್ಟಳು. ಅಳಿಯನನ್ನು ಕಂಡೂ ಕಾಣದವಳಂತೆ ಬಾಳೆಯ ಬುಡದಲ್ಲಿ ಕೂತಳು.

"ಅವ್ವಾ, ಸುರು ಮಾಡ್ಲಾ?" ಎಂದ ಮಾದು.

"ತಡೀಲಾ. ಕುಡ್ಯೋರು ಬಂದು ಕುಡುದು ಓಗ್ಲಿ."

"ಸರಿ ಬುಡಿ" ಎಂದು ಮಾದು ಬೀಡಿ ಹಚ್ಚಿದ. ಯಾರು ಎಂದು ಕೂಡ ಕೇಳಲಿಲ್ಲ.

ಆಚೆ ಕಡೆಯಿಂದ ಸಾಕಮ್ಮ ಬಂದಳು. ಅವಳ ಕೈಯಲ್ಲೂ ಒಂದು ಲೋಟ. ಸೊಟ್ಟ ಲೋಟವೇ. ಅದನ್ನೂ ಗೋಡೆಯ ಮೇಲೆ ಇಟ್ಟು, ಇನ್ನೊಂದು ಲೋಟದ ಕಡೆ ಬಗ್ಗಿ ನೋಡಿ, ಏನೋ ಹೇಳಹೋಗಿ ನಿಲ್ಲಿಸಿದಳು. ಎರಡು ಕಾಫಿಯ ಮೇಲೂ ಕೆನೆ ಕಟ್ಟಿತು.

"ಅಕ್ಕ, ನಿಮ್ದಕ್ಕೆ ಸಕ್ರೆ ಆಕಿದ್ದೀರಾ?" ಎಂದಳು ಸಾಕಮ್ಮ ಕೊನೆಗೆ.

"ಊಂ. ಏನೀಗ?"

"ಏನಿಲ್ಲ."

"ಏಳು. ಇಷ್ಟಾದ್ಮೇಲೆ ಇನ್ನೇನು ಮುಚ್ಚಿಡೋದು."

"ಸಕ್ರೆದು ಅವ್ರಿಗೆ ಸೇರ್ತಿರಲಿಲ್ಲ ಕನಕ್ಕ. ಬೆಲ್ಲದ್ದೇ ಆಗ್ಬೇಕಿತ್ತು."

ಮಂಗಳಮ್ಮ ಬಾಳೆಯ ದಿಂಡನ್ನು ಹಿಡಿದುಕೊಂಡಳು. ಸಿದ್ದಮಲ್ಲಪ್ಪನಿಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು.

"ಮೂವತ್ತು ವರ್ಸ ಬಾಳಾಟ ಮಾಡಿವ್ನಿ" ಎಂದಳು ಅತ್ತೆ. "ನಂಗೆ ಗೊತ್ತಿರ್ನಿಲ್ಲ. ನನ್ನ ಒಂದು ಮಾತು ಕೇಳಬಾರ್ದಿತ್ತಾ ಆ ಮನ್ಸ? ನಾನೇನು ರಾಕ್ಸಸಿನಾ?"

"ಕೇಳೋಕೆ ಬಾಯಿ ಬರ್ಲಿಲ್ಲ ಕನಕ್ಕ ಅವ್ರಿಗೆ. 'ಸಾಕಮ್ಮ, ಮಂಗಳಂಗೆ ಏಳ್ಬ್ಯಾಡ. ನನ್ನ ಆಯುಸ್ಸು ಗಟ್ಟಿಯಾಗ್ಲಿ ಅಂತ ಅವ್ಳು ಉಪಾಸ ಇಡುದವ್ಳೆ. ನಾನು ಕಾಪಿ ಕುಡುದೆ ಅಂತ ಗೊತ್ತಾದ್ರೆ ನೊಂದ್ಕೋತಾಳೆ' ಅನ್ನೋರು. ಕುಡುದ್ಮೇಲೆ ನಿಮ್ಗೆ ವಾಸ್ನೆ ಬರಬಾರ್ದು ಅಂತ ಏಲಕ್ಕಿ ಜಗ್ಯೋರು."

ಹನ್ನೆರಡು ವರ್ಷದ ಹಿಂದೆ ಸತ್ತ ಗಂಡನ ಮೇಲೆ ಮಂಗಳಮ್ಮನಿಗೆ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಏಲಕ್ಕಿ ಪೂಜೆ ಪರ್ಸಾದ ಅಂತಿದ್ರು, ಸುಳ್ಳ" ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ಕೇಳಿದಳು.

"ಬೆಲ್ಲ ಎಷ್ಟು ಆಕ್ತಿದ್ದೆ?"

"ಅಡಿಕೆ ಗಾತ್ರ."

ಮಂಗಳಮ್ಮ ಸಕ್ಕರೆ ಕಾಫಿಯನ್ನು ಬಾಳೆಯ ಬುಡಕ್ಕೆ ಚೆಲ್ಲಿ ಒಳಗೆ ಹೋದಳು. ಬೆಲ್ಲ ಕುಟ್ಟುವ ಸದ್ದು ಕೇಳಿಸಿತು. ಹಬೆಯಾಡುವ ಹೊಸ ಕಾಫಿ ತಂದು ಗೋಡೆಯ ಮೇಲೆ ಇಟ್ಟವಳೇ ಗೋಡೆಗೆ ಬೆನ್ನು ಹಾಕಿ ಅಳಿಯನ ಮೇಲೆ ತಿರುಗಿಬಿದ್ದಳು.

"ನೀನೂ ಕುಡೀತಿದ್ದಾ?"

"ಅರ್ಧ ಲೋಟ ಅತ್ತೆ."

ಆಮೇಲೆ ನಡೆದದ್ದನ್ನು ಮಾತು ಮಾತಾಗಿ ಬರೆದರೆ ಸಿದ್ದಮಲ್ಲಪ್ಪನಿಗೆ ಮಾನವಿರುವುದಿಲ್ಲ. ಉಪವಾಸ ಕೆಡಿಸಿದವನು, ಮನೆಹಾಳ, ಉಂಡ ಮನೆಯ ಜಂತೆ ಎಣಿಸಿದವನು ಎಂದು ಅತ್ತೆ ಈಚೆಯಿಂದ ಝಾಡಿಸಿದಳು. ನೆಟ್ಟಗಿನ ಲೋಟ ಕಣ್ಣಿಗೆ ಬೀಳದ ಕುರುಡ ಎಂದು ಸಾಕಮ್ಮ ಆಚೆಯಿಂದ ಸೇರಿಸಿದಳು. ಒಬ್ಬಳಿಗೆ ಉಸಿರು ನಿಂತರೆ ಇನ್ನೊಬ್ಬಳು ಮುಂದುವರಿಸುವಳು. ಎರಡು ವಾರದಿಂದ ಮಾತು ಬಿಟ್ಟಿದ್ದವರು ಎಂದು ನೋಡಿದವರು ನಂಬುತ್ತಿರಲಿಲ್ಲ.

ಬಯ್ಗುಳ ಮುಗಿಸಿ ಮಂಗಳಮ್ಮ ತಿರುಗಿದಾಗ ಬೆಲ್ಲದ ಕಾಫಿಯ ಲೋಟ ಖಾಲಿಯಾಗಿತ್ತು.

ಗೋಡೆಯ ಪಕ್ಕದಲ್ಲಿ ಗಾರೆ ಮಾದು ಟವೆಲಿನಿಂದ ಮೀಸೆ ಒರೆಸಿಕೊಳ್ಳುತ್ತಿದ್ದ. ಸಿದ್ದಮಲ್ಲಪ್ಪ ಅದನ್ನು ನೋಡಿದ. ಸಾಕಮ್ಮನೂ ನೋಡಿದಳು. ಅವಳು ಒಮ್ಮೆ ಮಾದುವಿನ ಮೀಸೆಯನ್ನು, ಒಮ್ಮೆ ಮಂಗಳಮ್ಮನ ಮುಖವನ್ನು ನೋಡಿ ದನಿ ತಗ್ಗಿಸಿ ಹೇಳಿದಳು.

"ಕುಡುದ್ರು ಕನಕ್ಕ. ನಿಮ್ಮನೇದೇ ಕುಡುದ್ರು. ನೋಡಿ, ನಂದು ಮುಟ್ಟೂ ಇಲ್ಲ."

ಮಂಗಳಮ್ಮ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬಂದ್ರೆ ಬಂದೆ ಅಂತ ಏಳೋ ಅಭ್ಯಾಸ ಆ ಮನ್ಸಂಗೆ ಮೊದಲಿಂದ್ಲೂ ಇಲ್ಲ" ಎಂದಳು. ಆಮೇಲೆ ಅಳಿಯನ ಕಡೆ ನೋಡಿದಳು. "ಕುಡುದ್ರೇನ್ಲಾ ಸಿದ್ದಮಲ್ಲ?"

ಪುಸ್ತಕ ಬರೆದಾಗಿನಿಂದ ಒಳಗೊಳಗೇ ನಿಜ, ನಿಜ ಎಂದು ಎದೆ ಬಡಿದುಕೊಂಡಿದ್ದ ಮನುಷ್ಯ ಮಾದುವಿನ ಮೀಸೆಯಿಂದ ಕಣ್ಣು ಕಿತ್ತು ಅತ್ತೆಯ ಕಡೆ ತಿರುಗಿದ.

"ಊಂ ಅತ್ತೆ. ಕುಡಿದ್ರು. ನಾನೇ ಕಂಡೆ" ಎಂದು ಎಡಗಿವಿ ಕೆರೆದುಕೊಂಡ.

ಅವನು ಕಿವಿ ಕೆರೆದದ್ದನ್ನು ಮಂಗಳಮ್ಮ ಚೆನ್ನಾಗಿಯೇ ನೋಡಿದಳು. ನೋಡಿದರೂ ಅವತ್ತು ಏನೂ ಅನ್ನಲಿಲ್ಲ.

"ಅವ್ವಾ, ಗೋಡೆ?" ಎಂದ ಮಾದು.

"ಗೋಡೆ ಇದ್ದಂಗೇ ಇರ್ಲಿ. ಆ ಇಟ್ಟಿಗೇಲಿ ಇಲ್ಲೊಂದು ಪುಟ್ಟ ಕಟ್ಟೆ ಕಟ್ಟು, ಕೂತ್ಕೊಂಡು ಕುಡೀಲಿ. ಸಾಕಮ್ಮ, ನಿಂದು ಆರೋಯ್ತದೆ, ಇವ್ನಿಗೆ ಕೊಡು. ಬಸ್ಸಿಳಿದು ಬಂದವ್ನೆ."

ಸಿದ್ದಮಲ್ಲಪ್ಪ ಕೈ ಚಾಚಿ ಸೊಟ್ಟ ಲೋಟವನ್ನು ತೆಗೆದುಕೊಂಡ.

'ಅಟ್ಟದ ಮೇಲಿನ ನದಿ' ಈಗಲೂ ನಂಜನಗೂಡಿನ ಅಲ್ಲೊಂದು ಇಲ್ಲೊಂದು ಮನೆಯಲ್ಲಿದೆ. ಸಿಕ್ಕವರು ಪುಟ ನಲವತ್ತೊಂದನ್ನು ತೆರೆದು ನೋಡಬಹುದು. ಮಾರನೆಯ ವಾರ ಸಿದ್ದಮಲ್ಲಪ್ಪನೇ ಕೂತು, ಉಳಿದ ಪ್ರತಿಗಳಿಗೆಲ್ಲ ಅನ್ನದ ಗಂಜಿಯಿಂದ ಅಂಟಿಸಿದ ಒಂದು ಚೀಟಿ ಅಲ್ಲಿರುತ್ತದೆ:

"ತಿದ್ದುಪಡಿ. ಸಾಕಮ್ಮನ ಮನೆಯ ಕಾಫಿ ಎಂದಿರುವುದನ್ನು ಸ್ವಂತ ಮನೆಯ ಬೆಲ್ಲದ ಕಾಫಿ ಎಂದು ಓದಿಕೊಳ್ಳುವುದು. ಲೋಟ ಸೊಟ್ಟಗಿರಲಿಲ್ಲ."